ಇರಾನಿನ ಊಟಕ್ಕೆ ಕೂರುವ ಕ್ರಮ

ಒಬ್ಬರೇ ಬಾಣಸಿಗರು ಒಲೆಯ ಮುಂದೆ ನಿಂತು ಅಡುಗೆ ಮಾಡಿ, ಅವರೇ ಮೇಜಿನ ಬಳಿಗೂ ಬಂದು ವಿಚಾರಿಸುವ ಸಣ್ಣ ಪರ್ಷಿಯನ್ ಊಟದ ಮನೆಗೆ ಹೋಗುವ ಮನಸ್ಸು ಮಾಡಿದವರು ಮೊದಲು ಮಾಡಬೇಕಾದ ಕೆಲಸವೆಂದರೆ ಹಿಂದಿನ ದಿನವೇ ಫೋನ್ ಮಾಡುವುದು. ಮೇಜು ಸಿಗುತ್ತದೆಯೋ ಇಲ್ಲವೋ ಎಂಬ ಆತಂಕಕ್ಕಾಗಿ ಮಾತ್ರ ಈ ಮಾತು ಹೇಳುತ್ತಿಲ್ಲ. ಇರಾನಿನ ಅಡುಗೆಯಲ್ಲಿ ಊಟವೆಂದರೆ ಅನ್ನ. ಆ ಅನ್ನ ಗಿರಾಕಿ ಬಂದು ಕೂತ ಮೇಲೆ ಒಲೆಗೇರುವಂಥದ್ದಲ್ಲ. ಎಷ್ಟು ಜನ ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದು ಗೊತ್ತಿದ್ದರೆ ಬಾಣಸಿಗರು ಅಕ್ಕಿಯನ್ನು ಅದಕ್ಕೆ ತಕ್ಕಂತೆ ನೆನೆಹಾಕುತ್ತಾರೆ. ಹೇಳದೆ ಕೇಳದೆ ರಾತ್ರಿ ಒಂಬತ್ತೂವರೆಗೆ ಹೋಗಿ ನಿಂತರೆ ಕಬಾಬು ಸಿಕ್ಕೀತು, ಅನ್ನವೂ ಸಿಕ್ಕೀತು. ಆದರೆ ಯಾವುದಕ್ಕಾಗಿ ಅಲ್ಲಿಗೆ ಹೋಗಬೇಕೋ ಅದು ಮುಗಿದಿರುತ್ತದೆ.

ಅದರ ಹೆಸರು ತಹದಿಗ್. ಪಾರಸಿ ಭಾಷೆಯಲ್ಲಿ 'ತಹ್' ಎಂದರೆ ತಳ, 'ದಿಗ್' ಎಂದರೆ ಪಾತ್ರೆ. ಅಜ್ಜಿಯರು ಗಂಜಿ ಬಸಿದು ಅನ್ನ ಮಾಡುತ್ತಿದ್ದುದನ್ನು ನೋಡಿದವರಿಗೆ ಇರಾನಿನ ಕ್ರಮ ಅರ್ಧದಷ್ಟು ಪರಿಚಿತವೇ. ಉದ್ದಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆದು, ಉಪ್ಪುನೀರಿನಲ್ಲಿ ಒಂದೆರಡು ಗಂಟೆ ನೆನೆಸಿ, ಧಾರಾಳವಾಗಿ ಕುದಿಯುವ ನೀರಿಗೆ ಸುರಿದು, ಅಗುಳಿನ ಹೊರಮೈ ಮೆತ್ತಗಾಗಿ ನಡುವೆ ಇನ್ನೂ ಅಕ್ಕಿಯ ಗಡಸು ಉಳಿದಿರುವಾಗಲೇ ಬಸಿಯುತ್ತಾರೆ. ಅಲ್ಲಿಂದ ಮುಂದಿನದು ಬೇರೆ. ದಪ್ಪ ತಳದ ಪಾತ್ರೆಗೆ ಎಣ್ಣೆಯನ್ನೋ ಬೆಣ್ಣೆಯನ್ನೋ ಬಿಟ್ಟು, ಅದರ ಮೇಲೆ ಮೊಸರು ಮತ್ತು ಕೇಸರಿಯಲ್ಲಿ ಕಲಸಿದ ಒಂದಷ್ಟು ಅನ್ನವನ್ನೋ, ತೆಳುವಾಗಿ ಹೆಚ್ಚಿದ ಆಲೂಗಡ್ಡೆಯನ್ನೋ, ಲವಾಶ್ ಎಂಬ ತೆಳು ರೊಟ್ಟಿಯನ್ನೋ ಹಾಸಿ, ಬಸಿದ ಅನ್ನವನ್ನು ಗೋಪುರದಂತೆ ಏರಿಸಿ, ಸೌಟಿನ ಹಿಡಿಯಿಂದ ಅಲ್ಲಲ್ಲಿ ತೂತು ಮಾಡಿ, ಬಟ್ಟೆ ಸುತ್ತಿದ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ದಮ್ಮಿನಲ್ಲಿಡುತ್ತಾರೆ. ಮುಚ್ಚಳಕ್ಕೆ ಬಟ್ಟೆ ಸುತ್ತುವುದು ಆವಿಯ ಹನಿ ಮರಳಿ ಅನ್ನದ ಮೇಲೆ ಬೀಳದಿರಲೆಂದು. ಮೇಲಿನ ಅನ್ನ ಮಲ್ಲಿಗೆಯಂತೆ ಬಿಡಿಬಿಡಿಯಾಗುವ ಹೊತ್ತಿಗೆ ತಳದ್ದು ಹೊಂಬಣ್ಣದ ಗರಿಗರಿ ಬಿಲ್ಲೆಯಾಗಿರುತ್ತದೆ. ಒಂದು ಪಾತ್ರೆಗೆ ಒಂದೇ ಬಿಲ್ಲೆ; ಬಂದವರಿಗೆಲ್ಲ ಅದೇ ಹಂಚಿಕೆಯಾಗಬೇಕು. ಆದ್ದರಿಂದ ಫೋನಿನಲ್ಲೇ 'ನಮಗೆ ತಹದಿಗ್ ಎತ್ತಿಡಿ' ಎಂದು ಸಂಕೋಚವಿಲ್ಲದೆ ಹೇಳಿಬಿಡಬೇಕು.

ನಾನು ಮೊದಲ ಸಲ ಹೋದದ್ದು ಹೀಗೆ ಹೇಳದೆ ಕೇಳದೆಯೇ. ಮೈಸೂರಿನ ಗೋಕುಲಂ ಕಡೆಯ ಒಂದು ಅಡ್ಡರಸ್ತೆಯಲ್ಲಿ, ವಾಸದ ಮನೆಯ ಮುಂಭಾಗವನ್ನೇ ಊಟದ ಕೋಣೆ ಮಾಡಿಕೊಂಡ ಜಾಗ ಅದು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇರುವ ಆರು ಮೇಜಿಗೆ ಈಗಲೇ ಜನ ಹೆಚ್ಚು. ಪಕ್ಕದ ಮೇಜಿನವರು ಏನನ್ನೋ ಕುರುಂ ಕುರುಂ ಎಂದು ಅಗಿಯುತ್ತಿದ್ದ ಸದ್ದು ಕೇಳಿ, ಅದು ನಮಗೂ ಬೇಕೆಂದಾಗ ಬಾಣಸಿಗರು ಮಾತಿನಲ್ಲಿ ವಿವರಿಸುವ ಬದಲು ಪಾತ್ರೆಯನ್ನೇ ತಂದು ತೋರಿಸಿದರು. ತಳದಲ್ಲಿ ಎಣ್ಣೆಯ ಹೊಳಪೂ ಮೂರು ಅಗುಳೂ ಉಳಿದಿದ್ದವು. ಅಂದಿನಿಂದ ನಾನು ಫೋನ್ ಮಾಡದೆ ಹೋದದ್ದಿಲ್ಲ. ದಸರಾ ದಿನಗಳಲ್ಲಿ ಮತ್ತು ಶನಿವಾರ ರಾತ್ರಿ ಹೋಗದಿರುವುದು ಒಳಿತು. ವಾರದ ನಡುವೆ ಸಂಜೆ ಏಳೂವರೆಯ ಹೊತ್ತಿಗೆ ಹೋದರೆ ಅನ್ನದ ಪಾತ್ರೆ ಆಗತಾನೇ ಮಗುಚಿರುತ್ತದೆ, ಬಾಣಸಿಗರಿಗೂ ಎರಡು ಮಾತಾಡುವಷ್ಟು ಬಿಡುವಿರುತ್ತದೆ.

ಹೋಗುವ ಮುನ್ನ ಮನಸ್ಸಿನಿಂದ ಒಂದೆರಡು ತಪ್ಪು ಕಲ್ಪನೆಗಳನ್ನು ತೆಗೆದಿಡಬೇಕು. ಹೈದರಾಬಾದಿನಲ್ಲಿಯೋ ಮುಂಬಯಿಯಲ್ಲಿಯೋ ಕುಡಿದ ಹಾಲು ಹಾಕಿದ 'ಇರಾನಿ ಚಹಾ' ಇಲ್ಲಿ ಸಿಗುವುದಿಲ್ಲ. ಅದು ಭಾರತಕ್ಕೆ ಬಂದು ನೆಲೆಸಿದ ಇರಾನಿಯರು ಇಲ್ಲಿಯ ನಾಲಿಗೆಗೆ ತಕ್ಕಂತೆ ಬೆಳೆಸಿದ ಪಾನೀಯ. ಬೇಳೆ ಮಾಂಸ ಸೇರಿಸಿ ಮಾಡುವ ಪಾರ್ಸಿಗಳ ಧನ್‌ಸಾಕ್ ಕೂಡ ಗುಜರಾತಿನ ನೀರು ಕುಡಿದು ಬೆಳೆದ ಅಡುಗೆಯೇ. ಇನ್ನು ಬಿರಿಯಾನಿಯ ನಿರೀಕ್ಷೆ ಇಟ್ಟುಕೊಂಡು ಹೋದವರಂತೂ ಖಂಡಿತ ಬೇಸರಪಡುತ್ತಾರೆ. ಹಾಗೆಂದು ಇದು ನಮಗೆ ತೀರ ಅಪರಿಚಿತವಾದ ಲೋಕವೂ ಅಲ್ಲ. ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಪಾರಸಿ ಶಾಸನಗಳಿವೆ. ಟಿಪ್ಪುವಿನ ದರಬಾರಿನ ಕಾಗದಪತ್ರಗಳು ಆ ಭಾಷೆಯಲ್ಲಿ ನಡೆಯುತ್ತಿದ್ದವು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಅಜ್ಜ ಆಗಾ ಅಲಿ ಅಸ್ಕರ್ ಇರಾನಿನ ಶಿರಾಜ್ ನಗರದಿಂದ ಕುದುರೆ ವ್ಯಾಪಾರಕ್ಕೆಂದು ಈ ನಾಡಿಗೆ ಬಂದವರು. ಮಿರ್ಜಾ ಅವರು ಮಾಡಿಸಿದ ಬೃಂದಾವನ ಉದ್ಯಾನದ ಕಾಲುವೆ ಕಾರಂಜಿಗಳನ್ನು ನೋಡುವಾಗ ನನಗೆ ಆ ಶಿರಾಜಿನ ನೆನಪು ಬರುವುದುಂಟು. ತಾಲ್ಲೂಕು ಕಚೇರಿಯ ಶಿರಸ್ತೇದಾರರಿಂದ ಹಿಡಿದು ಅಡುಗೆಮನೆಯ ಬಾದಾಮಿ, ಪಿಸ್ತಾ, ಸಮೋಸ, ಪಲಾವಿನವರೆಗೆ ನಾವು ದಿನವೂ ಆಡುವ ಎಷ್ಟೋ ಮಾತುಗಳು ಪಾರಸಿಯ ದಾರಿಯಲ್ಲಿ ಬಂದವು. ಊಟದ ಪಟ್ಟಿಯನ್ನು ಕೈಗೆತ್ತಿಕೊಂಡಾಗ ಇದು ಸ್ವಲ್ಪ ಧೈರ್ಯ ಕೊಡುತ್ತದೆ.

ಆ ಪಟ್ಟಿಯನ್ನು ಓದುವುದಕ್ಕೆ ನಾಲ್ಕು ಪದ ಗೊತ್ತಿದ್ದರೆ ಸಾಕು. 'ಚೆಲೋ' ಎಂದರೆ ಬರಿಯ ಅನ್ನ. 'ಪೊಲೋ' ಎಂದರೆ ಏನನ್ನಾದರೂ ಬೆರೆಸಿ ದಮ್ಮಿಗಿಟ್ಟ ಅನ್ನ. ಸಬ್ಬಸಿಗೆ ಮತ್ತು ಒಂದು ಬಗೆಯ ದೊಡ್ಡ ಅವರೆಯಂಥ ಕಾಳು ಸೇರಿದರೆ ಬಾಘಾಲಿ ಪೊಲೋ, ಜೆರೆಷ್ಕ್ ಎಂಬ ಪುಟ್ಟ ಕೆಂಪು ಹುಳಿಹಣ್ಣು ಸೇರಿದರೆ ಜೆರೆಷ್ಕ್ ಪೊಲೋ, ಮಸೂರ ಬೇಳೆ ಮತ್ತು ಒಣದ್ರಾಕ್ಷಿ ಸೇರಿದರೆ ಅದಸ್ ಪೊಲೋ. 'ಖೊರೇಶ್' ಎಂದರೆ ಅನ್ನದ ಜೊತೆಗೆ ಬಡಿಸುವ, ಗಂಟೆಗಟ್ಟಲೆ ಬೆಂದ ಗಟ್ಟಿ ಮೇಲೋಗರ. 'ಕಬಾಬ್' ಯಾರಿಗೂ ಹೇಳಿಕೊಡಬೇಕಾಗಿಲ್ಲ. ಚೆಲೋ ಕಬಾಬ್ ಎಂದು ಬರೆದಿದ್ದರೆ ಅನ್ನ ಮತ್ತು ಕಬಾಬು ಒಟ್ಟಿಗೆ ಬರುತ್ತವೆ. ಅದನ್ನು ತಿಳಿಯದೆ ಅನ್ನವನ್ನು ಬೇರೆಯಾಗಿ ಹೇಳಿ, ಮೇಜಿನ ಮೇಲೆ ಜಾಗವಿಲ್ಲದಂತೆ ಮಾಡಿಕೊಂಡವರನ್ನು ನೋಡಿದ್ದೇನೆ.

ಇಂಥ ಊಟಕ್ಕೆ ನಾಲ್ಕು ಜನ ಹೋಗುವುದು ಅತ್ಯುತ್ತಮ. ಒಬ್ಬೊಬ್ಬರೇ ಒಂದೊಂದು ತಟ್ಟೆ ಹೇಳಿ ಅದನ್ನೇ ಕಾವಲು ಕಾಯುವುದು ಇಲ್ಲಿ ಸಲ್ಲದು. ಎಲೆಯ ಮೇಲೆ ಎಲ್ಲವೂ ಒಟ್ಟಿಗೆ ಬೀಳುವ ನಮ್ಮ ಊಟದ ಹಾಗೆಯೇ ಅಲ್ಲಿಯೂ ಎಲ್ಲವೂ ಒಟ್ಟಿಗೆ ಬಂದು, ನಡುವೆ ಕೂತು, ಹಂಚಿಕೆಯಾಗುತ್ತದೆ. ನಾಲ್ವರಿಗೆ ಒಂದು ಪೊಲೋ, ಒಂದು ಚೆಲೋ ಕಬಾಬ್, ಒಂದು ಖೊರೇಶ್, ಜೊತೆಗೆ ಸೊಪ್ಪಿನ ತಟ್ಟೆ ಮತ್ತು ಮೊಸರಿನದೊಂದು ಬಟ್ಟಲು ಹೇಳಿ ನಿಲ್ಲಿಸಿ, ಸಾಲದಿದ್ದರೆ ಆಮೇಲೆ ನೋಡೋಣವೆನ್ನಬಹುದು. ನನ್ನ ಅನುಭವದಲ್ಲಿ ಸಾಲದೆ ಹೋದದ್ದು ಒಂದೇ ಸಲ, ಅದೂ ಹಾಸ್ಟೆಲಿನ ಹುಡುಗರು ಜೊತೆಗಿದ್ದಾಗ. ಕುರಿಯ ಕಾಲಿನ ದೊಡ್ಡ ತುಂಡಿನೊಂದಿಗೆ ಬರುವ ಬಾಘಾಲಿ ಪೊಲೋ, ಅನ್ನ ಮೊಸರು ಮೊಟ್ಟೆ ಕೇಸರಿ ಕಲಸಿ ಕೇಕಿನಂತೆ ಬೇಯಿಸುವ ತಹಚೀನ್, ಕುಡಿಕೆಯಲ್ಲಿ ಬೇಯಿಸುವ ಮಾಂಸದ ಸಾರು ದೀಜಿ — ಇವುಗಳಿಗೆ ಹಿಂದಿನ ದಿನವೇ ಹೇಳದೆ ಗತ್ಯಂತರವಿಲ್ಲ.

ಮಾಂಸ ತಿನ್ನದವರು ಹೋಗಬಹುದೇ ಎಂದು ಮೈಸೂರಿನಲ್ಲಿ ಯಾರಿಗೆ ಹೇಳಿದರೂ ಮೊದಲು ಕೇಳುವ ಪ್ರಶ್ನೆ. ಹೋಗಬಹುದು, ಆದರೆ ಕೇಳಿ ತಿನ್ನಬೇಕು. ಸುಟ್ಟ ಬದನೆಕಾಯಿ, ಬೆಳ್ಳುಳ್ಳಿ, ಟೊಮೇಟೊ ಸೇರಿದ ಮಿರ್ಜಾ ಘಾಸೆಮಿ ನಮ್ಮ ಬದನೆಕಾಯಿ ಗೊಜ್ಜಿನ ದೂರದ ನಂಟನಂತಿದ್ದರೂ ಅದಕ್ಕೆ ಮೊಟ್ಟೆ ಬೀಳುತ್ತದೆ. ಕಶ್ಕೆ ಬಾದೆಮ್‌ಜಾನ್ ಎಂಬ ಇನ್ನೊಂದು ಬದನೆಕಾಯಿಯ ತಿನಿಸಿಗೆ 'ಕಶ್ಕ್' ಎಂಬ ಹುಳಿಯಾದ ಹಾಲಿನ ಉತ್ಪನ್ನ ಸೇರುತ್ತದೆ, ಅದಕ್ಕೆ ಮೊಟ್ಟೆಯಿಲ್ಲ. ಸೊಪ್ಪು, ಕಾಳು, ಶಾವಿಗೆಯಂಥ ಎಳೆಗಳನ್ನು ಹಾಕಿ ಮಾಡುವ ಆಶೆ ರೆಷ್ತೆ ಎಂಬ ಗಟ್ಟಿ ಸೂಪು ನೋಡುವುದಕ್ಕೆ ಶುದ್ಧ ಸಸ್ಯಾಹಾರಿಯೇ. ಆದರೆ ಎಷ್ಟೋ ಅಡುಗೆಮನೆಗಳಲ್ಲಿ ಅದಕ್ಕೆ ಮಾಂಸ ಬೇಯಿಸಿದ ನೀರನ್ನು ಬಳಸುವ ರೂಢಿಯಿದೆ. 'ಮಾಂಸ ಇದೆಯೇ' ಎಂದು ಕೇಳಿದರೆ ಇಲ್ಲ ಎಂಬ ಪ್ರಾಮಾಣಿಕ ಉತ್ತರವೇ ಬರುತ್ತದೆ. 'ಮಾಂಸದ ನೀರು ಬಿದ್ದಿದೆಯೇ' ಎಂದು ಕೇಳಬೇಕು. ತಹದಿಗ್‌ನ ಮೊಸರಿನ ಜೊತೆಗೆ ಮೊಟ್ಟೆ ಸೇರಿಸುವವರೂ ಇದ್ದಾರೆ. ಫೋನ್ ಮಾಡಿದಾಗಲೇ ಇದನ್ನೆಲ್ಲ ಹೇಳಿದರೆ ಬಾಣಸಿಗರು ಬೇರೆ ಪಾತ್ರೆಯಲ್ಲಿ ಜೆರೆಷ್ಕ್ ಪೊಲೋವನ್ನೋ, ಕಿತ್ತಳೆ ಸಿಪ್ಪೆ, ಕ್ಯಾರೆಟ್ಟು, ಬಾದಾಮಿ ಸೇರಿದ ಶೀರಿನ್ ಪೊಲೋವನ್ನೋ ಮಾಡಿಕೊಡುತ್ತಾರೆ. ಒಬ್ಬರೇ ಅಡುಗೆಯವರಿರುವ ಜಾಗದ ದೊಡ್ಡ ಅನುಕೂಲ ಇದೇ.

ಇನ್ನು ಖಾರದ ಮಾತು. ಈ ಊಟದಲ್ಲಿ ಖಾರವಿಲ್ಲ, ಇರಬೇಕಾಗಿಯೂ ಇಲ್ಲ. ನಮ್ಮ ಸಾರಿನಲ್ಲಿ ಮೆಣಸಿನಕಾಯಿ ಮಾಡುವ ಕೆಲಸವನ್ನು ಅಲ್ಲಿ ಹುಳಿ ಮಾಡುತ್ತದೆ, ಆ ಹುಳಿಯಲ್ಲಿ ನಾವು ಕಾಣದಷ್ಟು ಬಗೆಗಳಿವೆ. ಕಬಾಬಿಗೆ ಸುಮಾಕ್ ಎಂಬ ಕಂದುಗೆಂಪಿನ ಪುಡಿ, ಖೊರೇಶಿಗೆ ಒಣಗಿಸಿದ ನಿಂಬೆಕಾಯಿ, ದಾಳಿಂಬೆ ರಸವನ್ನು ಕಾಯಿಸಿ ಇಳಿಸಿದ ಪಾಕ, ಎಳೆ ದ್ರಾಕ್ಷಿಯ ರಸ, ಅನ್ನಕ್ಕೆ ಜೆರೆಷ್ಕ್. ಹುಣಸೆಹುಳಿಯೊಂದರಲ್ಲೇ ಬೆಳೆದ ನಾಲಿಗೆಗೆ ಇವುಗಳ ವ್ಯತ್ಯಾಸ ತಿಳಿಯುವುದಕ್ಕೆ ಎರಡು ಮೂರು ಊಟ ಬೇಕು. ಬಂದ ಕೂಡಲೇ ಹಸಿಮೆಣಸಿನಕಾಯಿ ಕೇಳುವವರನ್ನು ಬಾಣಸಿಗರು ಬೈಯುವುದಿಲ್ಲ, ತಂದೂ ಕೊಡುತ್ತಾರೆ. ಆದರೆ ಅದನ್ನು ಕಚ್ಚಿದ ಮೇಲೆ ಕೇಸರಿಯ ಪರಿಮಳ ನಾಲಿಗೆಗೆ ಹತ್ತುವುದಿಲ್ಲ.

ಅವರ ಊಟದ ಲೆಕ್ಕಾಚಾರದಲ್ಲಿ ನಮಗೆ ಕೂಡಲೇ ಅರ್ಥವಾಗುವ ಸಂಗತಿಯೊಂದಿದೆ. ಪರಂಗಿಹಣ್ಣು ಉಷ್ಣ, ಮಜ್ಜಿಗೆ ತಂಪು ಎಂದು ನಾವು ಹೇಳುವ ಹಾಗೆ ಇರಾನಿಯರೂ ಪ್ರತಿಯೊಂದು ಪದಾರ್ಥವನ್ನೂ 'ಗರ್ಮ್' ಅಥವಾ 'ಸರ್ದ್' ಎಂದು ವಿಂಗಡಿಸುತ್ತಾರೆ. ಬಿಸಿಲು ಮಳೆಗೆ ಇದಕ್ಕೆ ಸಂಬಂಧವಿಲ್ಲ, ಮೈಯ ಗುಣಕ್ಕೆ ಸಂಬಂಧಿಸಿದ್ದು. ಅಕ್ರೋಟು ಉಷ್ಣ, ದಾಳಿಂಬೆ ತಂಪು. ಅವೆರಡನ್ನೂ ಕೂಡಿಸಿದ ಫೆಸೆಂಜಾನ್ ಎಂಬ ಖೊರೇಶ್ ಹಾಗಾಗಿ ಸಮತೂಕವೆಂಬುದು ಅವರ ಎಣಿಕೆ. ಮೀನು ತಂಪು, ಮೊಸರೂ ತಂಪು. ಅವೆರಡನ್ನು ಒಟ್ಟಿಗೆ ತಿನ್ನಬಾರದೆನ್ನುವ ಅಜ್ಜಿಯರು ಅಲ್ಲಿಯೂ ಇದ್ದಾರೆ. ಮೀನಿನ ಪೊಲೋ ಹೇಳಿ ಜೊತೆಗೆ ಮೊಸರು ಕೇಳಿದಾಗ ಬಾಣಸಿಗರು ಒಂದು ಕ್ಷಣ ಸುಮ್ಮನೆ ನಿಂತರೆ ಕಾರಣ ಇದು.

ಖೊರೇಶ್‌ಗಳಲ್ಲಿ ಮೊದಲ ಸಲ ಹೋದವರು ತಪ್ಪದೆ ಹೇಳಬೇಕಾದದ್ದು ಘೋರ್ಮೆ ಸಬ್ಜಿ. ಪಾರ್ಸ್ಲಿ, ಕೊತ್ತಂಬರಿ, ಈರುಳ್ಳಿ ಜಾತಿಯ ಒಂದು ಸೊಪ್ಪು, ಒಂದಿಷ್ಟೇ ಮೆಂತ್ಯದ ಸೊಪ್ಪು ಇವನ್ನು ಸಣ್ಣಗೆ ಹೆಚ್ಚಿ, ಹಸಿರು ಹೋಗಿ ಕಪ್ಪು ಬರುವುದು ಇನ್ನೇನು ಎನ್ನುವವರೆಗೆ ಎಣ್ಣೆಯಲ್ಲಿ ಬಾಡಿಸಿ, ಕುರಿಮಾಂಸ, ರಾಜ್ಮಾದಂಥ ಕೆಂಪು ಕಾಳು ಮತ್ತು ಒಣನಿಂಬೆಯೊಡನೆ ಮೂರು ನಾಲ್ಕು ಗಂಟೆ ಕುದಿಸುತ್ತಾರೆ. ಬಣ್ಣ ನೋಡಿ ಹಿಂಜರಿಯಬಾರದು. ಮಸ್ಸೊಪ್ಪು ತಿಂದವರು ಹಿಂಜರಿಯುವುದೂ ಇಲ್ಲ. ಮೆಂತ್ಯದ ಕಹಿ ಹಿನ್ನೆಲೆಯಲ್ಲಿ ನಿಂತು, ಮೇಲೆ ಒಣನಿಂಬೆಯ ಹೊಗೆಯಂಥ ಹುಳಿ ಬರುತ್ತದೆ. ಆ ನಿಂಬೆ ಗೋಲಿಗಿಂತ ದೊಡ್ಡದು, ಲಿಂಬೆಹಣ್ಣಿಗಿಂತ ಚಿಕ್ಕದು, ಕಂದು ಬಣ್ಣ, ಮುಟ್ಟಿದರೆ ಮೆತ್ತಗೆ. ಅದನ್ನು ಮಾಂಸದ ತುಂಡೆಂದು ಭಾವಿಸಿ ಇಡಿಯಾಗಿ ಬಾಯಿಗೆ ಹಾಕಿಕೊಂಡು ಕಚ್ಚಿದವರಲ್ಲಿ ನಾನೂ ಒಬ್ಬ. ಬೀಜದ ಕಹಿ ಕಿವಿಯ ತನಕ ಹೋಯಿತು. ಉಗುಳುವುದಕ್ಕೆ ದಾಕ್ಷಿಣ್ಯ, ನುಂಗುವುದಕ್ಕೆ ಭಯ. ಅದನ್ನು ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ, ರಸವನ್ನು ಮೇಲೋಗರಕ್ಕೆ ಬಿಟ್ಟು, ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಸರಿಸಬೇಕು. ಕೆಲವರು ಸಿಪ್ಪೆಯನ್ನೂ ತಿನ್ನುತ್ತಾರೆ, ಅದು ಅಭ್ಯಾಸದ ಮಾತು.

ಫೆಸೆಂಜಾನ್ ಎರಡನೆಯ ಭೇಟಿಗಿರಲಿ. ಅರೆದ ಅಕ್ರೋಟಿನಿಂದ ಎಣ್ಣೆ ಬಿಡುವವರೆಗೆ ಕುದಿದು, ದಾಳಿಂಬೆಯ ಪಾಕದಿಂದ ಕಡುಗಂದಾಗುವ ಆ ಗೊಜ್ಜು ಸಿಹಿಹುಳಿಯದು, ಬಹಳ ಜಿಡ್ಡಿನದು. ನಾಲ್ಕು ಚಮಚಕ್ಕೆ ಹೊಟ್ಟೆ ತುಂಬುತ್ತದೆ.

ಕಬಾಬಿನಲ್ಲಿ ಬಾಣಸಿಗರ ಕೈ ಎಂಥದ್ದೆಂದು ತಿಳಿಯುವುದು ಕೂಬಿದೆಯಿಂದ. ಕೊಚ್ಚಿದ ಮಾಂಸ, ತುರಿದು ಹಿಂಡಿದ ಈರುಳ್ಳಿ, ಉಪ್ಪು, ಮೆಣಸು. ಇದರಾಚೆಗೆ ಹೆಚ್ಚೇನೂ ಇಲ್ಲ. ಈರುಳ್ಳಿಯ ನೀರನ್ನು ಪೂರ್ತಿ ಹಿಂಡದಿದ್ದರೆ ಅಥವಾ ಮಾಂಸವನ್ನು ಅಂಟು ಬರುವಷ್ಟು ನಾದದಿದ್ದರೆ ಅದು ಅಗಲವಾದ ಚಪ್ಪಟೆ ಕಂಬಿಯಿಂದ ಜಾರಿ ಕೆಂಡಕ್ಕೆ ಬೀಳುತ್ತದೆ. ಕೊಬ್ಬು ಕಡಿಮೆಯಾದರೆ ಒಣಗಿ ಹುಲ್ಲಾಗುತ್ತದೆ. ಇರಾನಿನಲ್ಲಿ ಬಾಲದಲ್ಲಿ ಕೊಬ್ಬು ತುಂಬಿಕೊಳ್ಳುವ ಜಾತಿಯ ಕುರಿಗಳಿವೆ, ಆ ಕೊಬ್ಬನ್ನೇ ಇದಕ್ಕೆ ಬೆರೆಸುತ್ತಾರೆ. ನಮ್ಮ ಕಡೆ ಆ ಕುರಿ ಇಲ್ಲ. ಆದರೆ ಗಿಡ್ಡ ಕಾಲಿನ, ತುಂಬಿದ ಮೈಯ ಬನ್ನೂರು ಕುರಿ ಇದೆ, ಅದರ ಮಾಂಸದ ಹೆಸರು ಮಂಡ್ಯ ಮೈಸೂರಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬನ್ನೂರು ಕುರಿಯಿಂದ ಮಾಡಿದ ಕೂಬಿದೆಯನ್ನು ತಿಂದ ಮೇಲೆ ನನಗೆ ಬೇರೆ ಯಾವುದೂ ಹಿಡಿಸುತ್ತಿಲ್ಲ, ಇದು ಊರಿನ ಅಭಿಮಾನವಿದ್ದರೂ ಇದ್ದೀತು. ಕೋಳಿಯೇ ಬೇಕೆನ್ನುವವರಿಗೆ ನಿಂಬೆರಸ, ಈರುಳ್ಳಿ, ಕೇಸರಿಯಲ್ಲಿ ನೆನೆಸಿದ ಜೂಜೆ ಕಬಾಬ್ ಇದೆ.

ಕೇಸರಿಯ ವಿಷಯದಲ್ಲಿ ಕಣ್ಣಿಗೆ ಕೆಲಸ ಕೊಡಬೇಕು. ಜಗತ್ತಿನ ಕೇಸರಿಯಲ್ಲಿ ಬಹುಪಾಲು ಬೆಳೆಯುವುದು ಇರಾನಿನಲ್ಲಿ, ಅದರಲ್ಲೂ ಖೊರಾಸಾನ್ ಸೀಮೆಯಲ್ಲಿ. ಒಂದು ಹೂವಿಗೆ ಮೂರೇ ಎಳೆ. ಒಂದು ಗ್ರಾಂ ಒಣ ಕೇಸರಿಗೆ 150ರಷ್ಟಾದರೂ ಹೂ ಬೇಕು. ಇಷ್ಟು ದುಬಾರಿಯಾದದ್ದನ್ನು ಯಾರೂ ಇಡೀ ಪಾತ್ರೆಗೆ ಸುರಿಯುವುದಿಲ್ಲ. ಎಳೆಗಳನ್ನು ಚಿಟಿಕೆ ಸಕ್ಕರೆಯೊಡನೆ ಕುಟ್ಟಿ, ಬಿಸಿನೀರಿನಲ್ಲಿ ಬಿಟ್ಟು, ಆ ನೀರಿನಲ್ಲಿ ನಾಲ್ಕು ಸೌಟು ಅನ್ನವನ್ನು ಮಾತ್ರ ಕಲಸಿ ಬಿಳಿಯ ಅನ್ನದ ಮೇಲೆ ಉದುರಿಸುತ್ತಾರೆ. ಆದ್ದರಿಂದ ತಟ್ಟೆಯಲ್ಲಿ ಬಿಳಿಯ ರಾಶಿಯ ಮೇಲೆ ಹಳದಿಯ ಒಂದು ಟೋಪಿ ಇದ್ದರೆ ಅದು ಕ್ರಮ. ಅಗುಳು ಅಗುಳೂ ಕೇಸರಿಬಾತಿನಂತೆ ಹೊಳೆಯುತ್ತಿದ್ದರೆ ಅದು ಬಣ್ಣದ ಡಬ್ಬಿಯ ಕೆಲಸ.

ಮುಖ್ಯ ಊಟಕ್ಕೆ ಮೊದಲೇ ಬಂದು ಕೊನೆಯವರೆಗೂ ಮೇಜಿನ ಮೇಲಿರುವುದು ಸಬ್ಜಿ ಖೋರ್ದನ್, ಅಂದರೆ ತಿನ್ನುವ ಸೊಪ್ಪಿನ ತಟ್ಟೆ. ಪುದೀನ, ಸಬ್ಬಸಿಗೆ, ಮೂಲಂಗಿ, ಅಕ್ರೋಟು, ಬಿಳಿಯ ಚೀಸ್‌ನ ಒಂದು ತುಂಡು, ಜೊತೆಗೆ ಅವರು ರೇಹಾನ್ ಎನ್ನುವ, ನಾವು ಕಾಮಕಸ್ತೂರಿ ಎನ್ನುವ ಸೊಪ್ಪು. ನಮ್ಮಲ್ಲಿ ಹೂಮಾಲೆಯ ನಡುವೆ ಕಟ್ಟುವ ಅದನ್ನು ಅವರು ಹಸಿಯಾಗಿ ತಿನ್ನುತ್ತಾರೆ. ಇದನ್ನು ಅಲಂಕಾರಕ್ಕೆ ಇಟ್ಟದ್ದೆಂದು ಪಕ್ಕಕ್ಕೆ ಸರಿಸುವ ತಪ್ಪನ್ನು ಹತ್ತರಲ್ಲಿ ಎಂಟು ಜನ ಮಾಡುತ್ತಾರೆ. ರೊಟ್ಟಿಯ ತುಣುಕಿನಲ್ಲಿ ಚೀಸ್ ಚೂರು, ಎರಡು ಎಲೆ ಕಾಮಕಸ್ತೂರಿ, ಒಂದು ಅಕ್ರೋಟು ಇಟ್ಟು ಸುತ್ತಿ ಬಾಯಿಗೆ ಹಾಕಿಕೊಳ್ಳುವುದೇ ಅದರ ಉಪಯೋಗ. ಅನ್ನದ ನಡುನಡುವೆಯೂ ಎಲೆ ಕಚ್ಚುತ್ತಿರಬೇಕು. ಸೌತೆಕಾಯಿ ಮತ್ತು ಒಣಪುದೀನದ ಮೊಸರು, ಮಾಸ್ತ್ ಓ ಖಿಯಾರ್, ನಮ್ಮ ಮೊಸರುಬಜ್ಜಿಯೇ. ಒಗ್ಗರಣೆ ಇಲ್ಲ ಅಷ್ಟೆ. ಕುಡಿಯುವುದಕ್ಕೆ ದೂಗ್ ಎಂದರೆ ಪುದೀನ ಹಾಕಿದ ಉಪ್ಪುಮಜ್ಜಿಗೆ.

ಅವರು ಉಣ್ಣುವುದು ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಮುಳ್ಳುಚಮಚ ಹಿಡಿದು. ಚಾಕು ಇರುವುದಿಲ್ಲ, ಕಬಾಬನ್ನೂ ಚಮಚದ ಅಂಚಿನಿಂದಲೇ ಕತ್ತರಿಸುತ್ತಾರೆ. ಕೈಯಲ್ಲಿ ಉಂಡರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಆ ಬಿಡಿಬಿಡಿ ಅನ್ನ ಬೆರಳಿಗೆ ತುತ್ತಾಗಿ ಕೂಡುವುದಿಲ್ಲ. ಚೆಲೋ ಕಬಾಬ್ ಬಂದ ಕೂಡಲೇ, ಅನ್ನ ಬಿಸಿಯಿರುವಾಗಲೇ, ಬೆಣ್ಣೆಯ ತುಂಡನ್ನು ಅದರೊಳಗೆ ಹೂತು, ಮೇಲೆ ಸುಮಾಕ್ ಉದುರಿಸಿ, ಸುಟ್ಟ ಟೊಮೇಟೊವನ್ನು ಚಮಚದಿಂದ ಒಡೆದು ಕಲಸಬೇಕು. ಆಮೇಲೆ ಕಬಾಬು. ಫೋಟೊ ತೆಗೆಯುವವರು ಬೆಣ್ಣೆ ಹೂಳಿದ ಮೇಲೆ ತೆಗೆದುಕೊಳ್ಳಲಿ.

ಒಮ್ಮೆ ಮದ್ದೂರಿನ ಕಡೆಯ ನಮ್ಮ ದೊಡ್ಡಪ್ಪನವರನ್ನು ಕರೆದುಕೊಂಡು ಹೋಗಿದ್ದೆ. ತಹದಿಗ್‌ನ ತುಂಡು ತಟ್ಟೆಗೆ ಬಿದ್ದಾಗ ಅವರು ಅದನ್ನು ಬೆರಳಿನಲ್ಲಿ ತಿರುಗಿಸಿ ನೋಡಿ, "ಏನ್ಲಾ ಮಗಾ, ಅನ್ನ ತಳ ಹಿಡ್ದದೆ, ಇದ್ಕೂ ಕಾಸ್ ಕೊಡ್ಬೇಕಾ?" ಎಂದರು. ಬಾಣಸಿಗರಿಗೆ ಕನ್ನಡ ಅಷ್ಟಾಗಿ ಬಾರದಿದ್ದರೂ ಮಾತಿನ ಧಾಟಿ ತಿಳಿಯಿತು. ನಗುತ್ತಲೇ ಆ ತುಂಡಿನ ಮೇಲೆ ಘೆಯ್ಮೆ ಎಂಬ ಕಡಲೆಬೇಳೆಯಂಥ ಬೇಳೆಯ ಖೊರೇಶನ್ನು ಒಂದು ಸೌಟು ಸುರಿದು, ಅರ್ಧ ನಿಮಿಷ ತಾಳಿ ಎಂದು ಕೈಸನ್ನೆ ಮಾಡಿದರು. ಅದೇ ಸರಿಯಾದ ಕ್ರಮ. ಮೇಲ್ಮೈ ಗೊಜ್ಜು ಹೀರಿಕೊಂಡು ತುಸು ಮೆತ್ತಗಾಗಬೇಕು, ಒಳಗೆ ಗರಿ ಉಳಿದಿರಬೇಕು. ಹೆಚ್ಚು ಹೊತ್ತು ಬಿಟ್ಟರೆ ಕೆಡುತ್ತದೆ. ದೊಡ್ಡಪ್ಪ ಮುರಿದು ತಿಂದರು. ಅವರ ಅವ್ವ ಮಡಕೆಯ ತಳದ ಸೀಕಲನ್ನು ಕೆರೆದು ಮಕ್ಕಳಿಗೆ ಹಂಚುತ್ತಿದ್ದುದನ್ನು ನೆನೆದು ಸ್ವಲ್ಪ ಹೊತ್ತು ಮಾತಾಡಿದರು. ಕೈ ತೊಳೆಯುವಾಗ ಮಾತ್ರ, "ಎಲ್ಲಾ ಸರಿ ಕಲಾ, ಸಾರೇ ಬರ್ಲಿಲ್ವಲ್ಲ" ಎಂದರು. ಅವರ ದೂರಿನಲ್ಲಿ ಹುರುಳಿದೆ. ಖೊರೇಶ್ ಸಾರಲ್ಲ, ಅನ್ನವನ್ನು ಅದರಲ್ಲಿ ಮುಳುಗಿಸಿ ಕಲಸುವುದಕ್ಕೆ ಹೋದರೆ ಎರಡರ ರುಚಿಯೂ ಕೆಡುತ್ತದೆ. ಪ್ರತಿ ಚಮಚಕ್ಕೆ ಬೇಕಾದಷ್ಟನ್ನು ಮಾತ್ರ ಅನ್ನದ ಅಂಚಿಗೆ ಬಡಿಸಿಕೊಳ್ಳುತ್ತ ಹೋಗಬೇಕು.

ಸಾರು ಬೇಕೇಬೇಕೆನ್ನುವವರಿಗೆ ದೀಜಿ ಇದೆ. ಕುರಿಮಾಂಸ, ಕಾಬೂಲಿ ಕಡಲೆ, ಬಿಳಿ ಕಾಳು, ಆಲೂಗಡ್ಡೆ, ಟೊಮೇಟೊ, ಒಣನಿಂಬೆಯನ್ನು ಕಲ್ಲಿನ ಅಥವಾ ಮಣ್ಣಿನ ಕುಡಿಕೆಯಲ್ಲಿ ಅರ್ಧ ದಿನ ಬೇಯಿಸಿ, ಕುಡಿಕೆಯ ಸಮೇತ ಮೇಜಿಗೆ ತರುತ್ತಾರೆ. ಅದನ್ನು ಉಣ್ಣುವುದು ಎರಡು ಹಂತದಲ್ಲಿ. ಮೊದಲು ಕುಡಿಕೆಯನ್ನು ಬಟ್ಟೆಯಿಂದ ಹಿಡಿದು ತಿಳಿಯನ್ನಷ್ಟೇ ಬಟ್ಟಲಿಗೆ ಬಗ್ಗಿಸಿ, ಅದಕ್ಕೆ ರೊಟ್ಟಿ ಚೂರು ಮಾಡಿ ಹಾಕಿ ತಿನ್ನಬೇಕು. ಆಮೇಲೆ ಕುಡಿಕೆಯಲ್ಲಿ ಉಳಿದದ್ದನ್ನು ಜೊತೆಗೆ ಕೊಟ್ಟ ಕುಟ್ಟುಗೋಲಿನಿಂದ ನುಣ್ಣಗೆ ಮಸೆದು, ಹಸಿ ಈರುಳ್ಳಿ ಮತ್ತು ಉಪ್ಪಿನಕಾಯಿಯೊಂದಿಗೆ ರೊಟ್ಟಿಯಲ್ಲಿ ಸುತ್ತಿ ತಿನ್ನಬೇಕು. ಮೊದಲ ಸಲ ಬಾಣಸಿಗರ ಕೈಯಿಂದಲೇ ಮಸೆಸಿಕೊಳ್ಳುವುದು ವಾಸಿ, ಇಲ್ಲದಿದ್ದರೆ ಅಂಗಿಗೆ ಹಾರುತ್ತದೆ.

ಬಾಣಸಿಗರೊಡನೆ ಮಾತಾಡುವುದೂ ಈ ಊಟದ ಒಂದು ಭಾಗ. ಯಾವುದು ಚೆನ್ನಾಗಿದೆ ಎಂದು ಕೇಳಿದರೆ ಎಲ್ಲವೂ ಚೆನ್ನಾಗಿದೆ ಎನ್ನುತ್ತಾರೆ. ಇಂದು ಮಧ್ಯಾಹ್ನ ನೀವು ಏನು ಉಂಡಿರಿ ಎಂದು ಕೇಳಿ ನೋಡಬೇಕು. ಪಟ್ಟಿಯಲ್ಲಿಲ್ಲದ ಅಡುಗೆಗಳು ಹೊರಬರುವುದು ಆಗಲೇ. ಮಾರ್ಚ್ 20 ಅಥವಾ 21ಕ್ಕೆ, ನಮ್ಮ ಯುಗಾದಿಯ ಆಸುಪಾಸಿನಲ್ಲಿ ಬರುವ ಅವರ ಹೊಸವರ್ಷ ನೌರೂಜ್‌ಗೆ ಸೊಪ್ಪಿನ ಪೊಲೋ ಮತ್ತು ಮೀನು ಮಾಡುವ ಸಂಪ್ರದಾಯವಿದೆ. ಆ ವಾರ ಅಲ್ಲಿರುವವರು ಕೇಳದೆ ಬಿಡಬಾರದು. ಅಡುಗೆ ಹಿಡಿಸಿದರೆ ಹೊಗಳುವುದಕ್ಕೆ ಅವರಲ್ಲಿ ಒಂದು ಮಾತಿದೆ: 'ದಸ್ತೇ ಶೊಮಾ ದರ್ದ್ ನಕೊನೆ', ನಿಮ್ಮ ಕೈ ನೋಯದಿರಲಿ ಎಂದರ್ಥ. ನಾವು ಕೈರುಚಿ ಎಂದು ಹೊಗಳುವ ಕೈಯನ್ನೇ ಅವರು ಹಾರೈಸುತ್ತಾರೆ. 'ನೂಶೆ ಜಾನ್' ಎಂಬ ಉತ್ತರ ಬರುತ್ತದೆ, ಜೀವಕ್ಕೆ ಹಿತವಾಗಲಿ ಎಂದು.

ಹಣ ಕೊಡುವಾಗ ತಾರೋಫ್ ಎಂಬ ಅವರ ಪದ್ಧತಿಯನ್ನು ತಿಳಿದಿರಬೇಕು. ನಮ್ಮ ಉಪಚಾರವನ್ನೂ ದಾಕ್ಷಿಣ್ಯವನ್ನೂ ಬೆರೆಸಿದರೆ ಅದಕ್ಕೆ ಹತ್ತಿರವಾಗುತ್ತದೆ. ಎಷ್ಟಾಯಿತು ಎಂದು ಕೇಳಿದರೆ 'ಘಾಬೆಲ್ ನದಾರೆ' ಎನ್ನುತ್ತಾರೆ. ನಿಮ್ಮ ಯೋಗ್ಯತೆಗೆ ಇದೇನೂ ಅಲ್ಲ, ಬಿಡಿ ಎಂಬ ಅರ್ಥದ ಮಾತು. ಅದನ್ನು ನಿಜವೆಂದು ನಂಬಿ ಫೋನನ್ನು ಜೇಬಿಗಿಟ್ಟು ಹೊರಟರೆ ಎರಡೂ ಕಡೆಯವರಿಗೆ ಮುಜುಗರ. 'ಊಟ ಮಾಡ್ಕೊಂಡೇ ಹೋಗಿ' ಎಂದು ಬಾಗಿಲಲ್ಲಿ ನಿಂತು ಹೇಳುವ ನಮ್ಮವರ ಮಾತನ್ನು ಎಲ್ಲಿಯವರೆಗೆ ನಂಬಬೇಕೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಸಲ, ಬೇಕಾದರೆ ಮೂರನೆಯ ಸಲ ಒತ್ತಾಯಿಸಿದ ಮೇಲೆ ಮೊತ್ತ ಹೇಳುತ್ತಾರೆ, ಅದರ ಮೇಲೆ ಚೌಕಾಸಿ ಮಾಡಬಾರದು.

ಏಳುವ ಮೊದಲು ಚಹಾ ಕುಡಿಯದೆ ಹೋಗಬಾರದು. ಸಣ್ಣ ಕೆಟಲ್ಲಿನಲ್ಲಿ ಗಟ್ಟಿಯಾಗಿ ಇಳಿಸಿದ ಚಹಾವನ್ನು ಲೋಟಕ್ಕೆ ಸ್ವಲ್ಪ ಬಿಟ್ಟು, ಮೇಲೆ ಬಿಸಿನೀರು ಸುರಿಯುತ್ತಾರೆ. ಕಾಫಿಯ ಡಿಕಾಕ್ಷನ್ ಬಲ್ಲ ಮೈಸೂರಿನವರಿಗೆ ಗಟ್ಟಿಯೋ ತೆಳುವೋ ಎಂದು ಹೇಳುವುದು ಕಷ್ಟವಲ್ಲ. ಹಾಲು ಕೇಳಬಾರದು. ಸಕ್ಕರೆಯನ್ನು ಲೋಟಕ್ಕೆ ಹಾಕಿ ಕಲಕುವ ಬದಲು ಸಕ್ಕರೆಯ ಗಟ್ಟಿಯನ್ನು ಹಲ್ಲಿನ ನಡುವೆ ಹಿಡಿದು ಚಹಾ ಹೀರುವುದು ಅಲ್ಲಿಯ ಅಭ್ಯಾಸ. ಹೊಟ್ಟೆ ಭಾರವೆನಿಸಿದರೆ ಕೇಸರಿ ಹಾಕಿದ ಕಲ್ಲುಸಕ್ಕರೆ, ನಬಾತ್, ಕೇಳಿದರೆ ಕೊಡುತ್ತಾರೆ. ಸಿಹಿಯಲ್ಲಿ ಫಾಲೂದೆ ಶಿರಾಜಿ ಎಂದರೆ ನಮ್ಮ ಹಾಲಿನ ಫಾಲೂದಾ ಅಲ್ಲ. ಗುಲಾಬಿನೀರಿನ ಮಂಜುಪಾಕದಲ್ಲಿ ಕೂದಲೆಳೆಯಂಥ ಶಾವಿಗೆ, ಮೇಲೆ ನಿಂಬೆರಸ. ಪಾಯಸ ಬೇಕಾದವರು ಶೋಲೆ ಜರ್ದ್ ಹೇಳಲಿ: ಹಾಲಿಲ್ಲದ, ಕೇಸರಿಯ ಅಕ್ಕಿಪಾಯಸ.

ಉಳಿದದ್ದನ್ನು ಕಟ್ಟಿಸಿಕೊಂಡು ಬರುವುದರಲ್ಲಿ ನಾಚಿಕೆಯಿಲ್ಲ. ಘೋರ್ಮೆ ಸಬ್ಜಿ ಮಾರನೆಯ ದಿನ ಇನ್ನೂ ಚೆನ್ನಾಗಿರುತ್ತದೆ, ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಸಾಕು. ಅನ್ನವನ್ನು ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ ಬಿಸಿ ಮಾಡಬೇಕು. ತಹದಿಗ್ ಮಾತ್ರ ಅಲ್ಲೇ ಮುಗಿಸಿ ಏಳಬೇಕು. ಡಬ್ಬಿಯೊಳಗಿನ ಆವಿಗೆ ಅದು ಪಕ್ಕದ ಬಡಾವಣೆ ಒಂಟಿಕೊಪ್ಪಲು ದಾಟುವಷ್ಟರಲ್ಲೇ ಚರ್ಮದಂತೆ ನಾರಾಗಿರುತ್ತದೆ.